ವಾಕಿಂಗ್‌ಗೆ ಹೋದರೆ ದೋಸೆ ಹುಯ್ಯುವವರು ಯಾರು?

(ಮೈಸೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ವ್ಯಾಯಾಮ ಒಳ್ಳೆಯದು ಎಂದು ಹೇಳುವುದಕ್ಕೆ ನಾನು ಬಂದಿಲ್ಲ. ಅದು ನಿಮಗೆ ಗೊತ್ತು. ಡಾಕ್ಟರ್ ಹೇಳಿದ್ದಾರೆ, ಟಿವಿಯಲ್ಲಿ ಬಂದಿದೆ, ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಬರುತ್ತದೆ. ಇಷ್ಟು ಗೊತ್ತಿದ್ದೂ ಯಾಕೆ ಆಗುತ್ತಿಲ್ಲ? ಅದನ್ನು ಮಾತಾಡೋಣ.

ನನ್ನ ಹತ್ತಿರ ಬರುವವರು ಹೆಚ್ಚಾಗಿ ಮಂಡಿ ನೋವು, ಸೊಂಟ ನೋವು, ಭುಜ ಹಿಡಿದುಕೊಂಡಿದೆ ಅಂತ ಬರುತ್ತಾರೆ. ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ. ವ್ಯಾಯಾಮ ಏನಾದರೂ ಮಾಡುತ್ತೀರಾ? ಗಂಡಸರು "ಟೈಮೇ ಸಿಗಲ್ಲ ಮೇಡಂ" ಅನ್ನುತ್ತಾರೆ. ಹೆಂಗಸರು "ಮನೆ ಕೆಲಸವೇ ಆಗುತ್ತಲ್ಲ" ಅನ್ನುತ್ತಾರೆ. ಗಮನಿಸಿ, ಗಂಡಸರ ಉತ್ತರದಲ್ಲಿ ಟೈಮ್ ಅನ್ನುವ ಮಾತಾದರೂ ಇದೆ. ಹೆಂಗಸರ ಉತ್ತರದಲ್ಲಿ ಅದೂ ಇಲ್ಲ. ತನಗೂ ಅಂತ ಅರ್ಧ ಗಂಟೆ ಇರಬಹುದು ಅನ್ನುವುದೇ ಅವರ ಲೆಕ್ಕಕ್ಕೆ ಬಂದಿರುವುದಿಲ್ಲ.

ಸಂಸಾರ ಇರುವವರು ಬೆಳಿಗ್ಗೆ ಅರ್ಧ ಗಂಟೆ ಹೊರಗೆ ಹೋಗಬೇಕಾದರೆ, ಆ ಅರ್ಧ ಗಂಟೆಯ ಮನೆ ಕೆಲಸವನ್ನು ಇನ್ನೊಬ್ಬರು ಮಾಡಬೇಕು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಬಹುಪಾಲು ಇದೇ. ಮನಸ್ಸು ಗಟ್ಟಿ ಮಾಡಿ, ಅಲಾರಂ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅಲಾರಂ ಹೊಡೆದ ಮೇಲೆ ಎದ್ದವರು ಅಡುಗೆ ಮನೆಗೆ ಹೋಗಬೇಕೋ, ಗೇಟಿನಾಚೆಗೋ ಅಂತ ಯಾರೂ ಹೇಳುವುದಿಲ್ಲ.

ಅದಕ್ಕೆ ಬರುವ ಮುಂಚೆ ಭಯದ ವಿಷಯ ಒಂದಿಷ್ಟು ಮಾತಾಡಬೇಕು. 2025ರ ಜೂನ್, ಜುಲೈ ನೆನಪಿಸಿಕೊಳ್ಳಿ. ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬರುತ್ತಿತ್ತು. ಚಿಕ್ಕ ವಯಸ್ಸಿನವರು ಬೇರೆ. ಇಲ್ಲಿ ನಮ್ಮ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಿಗ್ಗೆ ಬೆಳಿಗ್ಗೆಯೇ ಕ್ಯೂ. ಅಷ್ಟು ಜನ ಒಟ್ಟಿಗೆ ಇಸಿಜಿ ಮಾಡಿಸಿಕೊಳ್ಳಲು ಬಂದಿದ್ದನ್ನು ನೀವೂ ನೋಡಿರಬಹುದು. ಸರ್ಕಾರ ತಜ್ಞರ ಸಮಿತಿ ಮಾಡಿತು. ಕೊನೆಗೆ ಎದ್ದು ಕಂಡದ್ದು ಹಳೆಯ ಕಾರಣಗಳೇ: ಬಿಪಿ, ಶುಗರ್, ಬೊಜ್ಜು, ಸಿಗರೇಟು. ತೀರಿಕೊಂಡವರಲ್ಲಿ ಕೆಲವರು ಆಟೋ, ಕ್ಯಾಬ್ ಓಡಿಸುವವರು, ದಿನವಿಡೀ ಕೂತೇ ದುಡಿಯುವವರು.

ಇಸಿಜಿ ಮಾಡಿಸುವುದು ತಪ್ಪಲ್ಲ. ಆದರೆ ಮಲಗಿಸಿ ತೆಗೆದ ಇಸಿಜಿ ಆ ಹೊತ್ತಿನ ಹೃದಯದ ವಿಷಯ ಮಾತ್ರ ಹೇಳುತ್ತದೆ. ಅದು ನಾರ್ಮಲ್ ಬಂತು ಅಂದ ಮಾತ್ರಕ್ಕೆ ರಕ್ತನಾಳದಲ್ಲಿ ಏನೂ ಕಟ್ಟಿಕೊಂಡಿಲ್ಲ ಅಂತ ಅರ್ಥವಲ್ಲ. ನಾರ್ಮಲ್ ರಿಪೋರ್ಟ್ ಹಿಡಿದುಕೊಂಡು ಮನೆಗೆ ಬಂದು ಮತ್ತೆ ಸೋಫಾದಲ್ಲಿ ಕೂತರೆ, ಕ್ಯೂ ನಿಂತ ಎರಡು ಗಂಟೆಯೇ ಆ ವಾರದ ವ್ಯಾಯಾಮ ಆಗುತ್ತದೆ!

ಇದಕ್ಕೆ ಉಲ್ಟಾ ಭಯವೂ ಒಂದಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. 46 ವರ್ಷ. ಅವರು ಅಷ್ಟು ಚೆನ್ನಾಗಿ ವ್ಯಾಯಾಮ ಮಾಡುತ್ತಿದ್ದವರು, ಅವರಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಎಷ್ಟೋ ಜನ ಜಿಮ್ ಬಿಟ್ಟರು. ಈಗಲೂ ಆ ಮಾತು ನನ್ನ ಹತ್ತಿರ ಹೇಳುವವರಿದ್ದಾರೆ. ಒಬ್ಬರಿಗೆ ಯಾಕೆ ಹಾಗಾಯಿತು ಅಂತ ಹೊರಗಿನವರು ಊಹೆ ಮಾಡುವುದು ಸರಿಯಲ್ಲ, ನಾನೂ ಮಾಡುವುದಿಲ್ಲ. ಆದರೆ ಒಂದು ಸಾವು ನೋಡಿ ಮೈ ಆಡಿಸುವುದನ್ನೇ ನಿಲ್ಲಿಸಿದರೆ ನಮ್ಮ ಅಪಾಯ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ನಲವತ್ತು ದಾಟಿದ್ದರೆ, ಶುಗರ್, ಬಿಪಿ ಇದ್ದರೆ, ಮನೆಯಲ್ಲಿ ಹೃದಯದ ಕಾಯಿಲೆ ಇದ್ದರೆ ಶುರು ಮಾಡುವ ಮುಂಚೆ ಡಾಕ್ಟರನ್ನು ಒಮ್ಮೆ ನೋಡಿ. ನಡೆಯುವಾಗ ಎದೆ ಬಿಗಿಯಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಲೆ ಸುತ್ತಿದರೆ ನಿಲ್ಲಿಸಿ. ಅದನ್ನು ಗ್ಯಾಸ್ ಅಂತ ತಳ್ಳಿ ಹಾಕಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಸನದ ಡ್ರೈವರ್‌ಗಳ ವಿಷಯ ಓದಿದಾಗ ನನಗೆ ನೆನಪಾದದ್ದು ಲಂಡನ್ನಿನ ಬಸ್ಸುಗಳು. ಜೆರಿ ಮಾರಿಸ್ ಅಂತ ಒಬ್ಬ ವೈದ್ಯ ವಿಜ್ಞಾನಿ ಇದ್ದರು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಅವರ ತಂಡ ಹೋಲಿಸಿ ನೋಡಿತು. ಫಲಿತಾಂಶ 1953ರಲ್ಲಿ ಅಚ್ಚಾಯಿತು. ಇಬ್ಬರೂ ಅದೇ ಕಂಪನಿ, ಅದೇ ಬಸ್ಸು, ಹೆಚ್ಚುಕಡಿಮೆ ಅದೇ ತರಹದ ಬದುಕು. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲೆ ಕೆಳಗೆ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಜಾಸ್ತಿ ಆದದ್ದು ಡ್ರೈವರ್‌ಗಳಿಗೆ. ಡ್ರೈವರ್‌ಗಳು ಮೊದಲೇ ದಪ್ಪ ಇದ್ದರೇನೋ ಅಂತ ಅನುಮಾನ ಬಂತು. ಮಾರಿಸ್ ಏನು ಮಾಡಿದರು ಗೊತ್ತಾ? ಕಂಪನಿಯ ಸಮವಸ್ತ್ರದ ಲೆಕ್ಕ ತೆಗೆಸಿ ಪ್ಯಾಂಟಿನ ಸೊಂಟದ ಅಳತೆ ನೋಡಿದರು. ಡ್ರೈವರ್‌ಗಳ ಸೊಂಟ ದೊಡ್ಡದು ಅನ್ನುವುದು ನಿಜವಾಗಿತ್ತು. ಆದರೆ ಸೊಂಟ ಸಣ್ಣ ಇದ್ದ ಡ್ರೈವರ್‌ಗಳಿಗೂ ಕಂಡಕ್ಟರ್‌ಗಳಿಗಿಂತ ಅಪಾಯ ಜಾಸ್ತಿಯೇ ಇತ್ತು. ತೆಳ್ಳಗಿದ್ದೀನಿ, ನನಗೇನು ಅನ್ನುವವರು ಇದನ್ನು ಕೇಳಿಸಿಕೊಳ್ಳಿ.

ಈ ಕಥೆ ನನಗೆ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಆ ಕಂಡಕ್ಟರ್‌ಗಳು ಯಾರೂ ವ್ಯಾಯಾಮ ಮಾಡಬೇಕು ಅಂತ ಮಾಡಿದವರಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಲಿಲ್ಲ. ಅವರ ದಿನದೊಳಗೇ ಅದು ಇತ್ತು. ನಮ್ಮ ದಿನದೊಳಗೆ ಎಲ್ಲಿ ತೂರಿಸಬಹುದು ಅಂತ ನೋಡುವುದಕ್ಕೆ ಮುಂಚೆ, ಎಷ್ಟು ಬೇಕು ಅನ್ನುವ ಲೆಕ್ಕ ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದರೆ 150 ನಿಮಿಷ. ಬಿರುಸಾಗಿ ನಡೆಯುವಂಥದ್ದು ಇಷ್ಟು ಬೇಕು. ಓಟದಂಥ ಜೋರು ವ್ಯಾಯಾಮವಾದರೆ 75 ನಿಮಿಷ ಸಾಕು. ಅದರ ಜೊತೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ. 150ನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 22 ನಿಮಿಷವೂ ಆಗುವುದಿಲ್ಲ. ಬಿರುಸು ಅಂದರೆ ಎಷ್ಟು ಅಂತ ಕೇಳುತ್ತಾರೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾಕಿಂಗ್‌ನಲ್ಲಿ ನೀವು ದೇವರನಾಮ ಪೂರ್ತಿ ಹಾಡಿ ಮುಗಿಸುತ್ತೀರಿ ಅಂದರೆ ಅದು ವಾಕಿಂಗ್ ಅಲ್ಲ, ಪ್ರದಕ್ಷಿಣೆ.

ಈ ಸಂಸ್ಥೆಯ ಹಳೆಯ ನಿಯಮದಲ್ಲಿ ಒಂದು ಷರತ್ತು ಇತ್ತು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದ್ದರೆ ಮಾತ್ರ ಲೆಕ್ಕಕ್ಕೆ. 2020ರಲ್ಲಿ ಆ ಷರತ್ತು ತೆಗೆದುಬಿಟ್ಟರು. ಸಣ್ಣ ಬದಲಾವಣೆ ಅನ್ನಿಸಬಹುದು. ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಮಗು ಎದ್ದುಬಿಟ್ಟಿತು, ಆರೇ ನಿಮಿಷಕ್ಕೆ ನಿಂತುಹೋಯಿತು ಅಂದರೂ ಆ ಆರು ನಿಮಿಷ ನಿಮ್ಮದೇ. ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದ್ದೂ ನಿಮ್ಮದೇ.

ಹತ್ತು ಸಾವಿರ ಹೆಜ್ಜೆ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ಫೋನಿನಲ್ಲಿ, ವಾಚಿನಲ್ಲಿ ಎಲ್ಲ ಕಡೆ ಅದೇ ಲೆಕ್ಕ. ಅದು ಹುಟ್ಟಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟು, ಅದಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಅರ್ಥದ ಹೆಸರಿಟ್ಟಿತು. ಜನಕ್ಕೆ ಹಿಡಿಸಿತು, ಉಳಿದುಕೊಂಡಿತು. ಅಮೆರಿಕದಲ್ಲಿ ಸರಾಸರಿ 72 ವರ್ಷದ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ರಾತ್ರಿ ಹತ್ತಕ್ಕೆ 9,200 ಅಂತ ತೋರಿಸುತ್ತಿದೆ ಅಂತ ಹಾಲ್‌ನಲ್ಲಿ ಸುತ್ತು ಹೊಡೆಯುವವರು ಇನ್ನು ಆರಾಮಾಗಿ ಮಲಗಬಹುದು.

ಈಗ ಮನೆ ಕೆಲಸದ ವಿಷಯ. ಅದು ವ್ಯಾಯಾಮವಾ? ಒಂದು ಮಟ್ಟಿಗೆ ಹೌದು. ನೆಲ ಒರೆಸುವಾಗ, ನೀರು ಹೊರುವಾಗ ಮೈ ಆಡುತ್ತದೆ. ಸುಮ್ನೆ ಕೂರುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ "ನಮ್ಮಜ್ಜಿ ಯಾವ ಜಿಮ್‌ಗೆ ಹೋಗಿದ್ದರು?" ಅಂತ ಕೇಳುತ್ತಾರಲ್ಲ, ಆ ಅಜ್ಜಿ ಒನಕೆಯಲ್ಲಿ ಭತ್ತ ಕುಟ್ಟುತ್ತಿದ್ದರು, ಬೀಸುವ ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ಇವತ್ತು ಮಿಕ್ಸಿ ಇದೆ, ವಾಷಿಂಗ್ ಮಷಿನ್ ಇದೆ. ಕೆಲಸ ಕಡಿಮೆಯಾಗಿಲ್ಲ, ಆ ಕೆಲಸದಲ್ಲಿದ್ದ ಬಲದ ಪಾಲು ಕಡಿಮೆಯಾಗಿದೆ. ಇವತ್ತಿನ ಮನೆ ಕೆಲಸದಲ್ಲಿ ಬಹುಪಾಲು ನಿಂತುಕೊಂಡು ಮಾಡುವುದು, ಬಗ್ಗಿ ಮಾಡುವುದು, ಒಂದೇ ಕೈಯನ್ನು ಮತ್ತೆ ಮತ್ತೆ ಆಡಿಸುವುದು. ಉಸಿರು ಏರುವುದಿಲ್ಲ, ತೊಡೆಗೆ ಬಲ ಬರುವುದಿಲ್ಲ, ಸುಸ್ತು ಮಾತ್ರ ಆಗುತ್ತದೆ. ಮತ್ತೆ ಆ ಅಜ್ಜಿಯನ್ನೂ ಸುಮ್ನೆ ಹೊಗಳುವುದು ಬೇಡ. ಸೊಂಟ ಬಾಗಿ, ಕೋಲು ಹಿಡಿದು, ರಾತ್ರಿಯೆಲ್ಲ ಕಾಲು ಸೆಳೆತ ಅಂತ ನರಳಿದ್ದೂ ಅದೇ ಅಜ್ಜಿ ಅಲ್ವಾ?

ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಕೂರದೇ ದುಡಿಯುವ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಕುರ್ಚಿಯಿಂದ ಕೈ ಊರದೆ ಎದ್ದೇಳಿ ಅಂದರೆ ಎಷ್ಟೋ ಜನರಿಗೆ ಆಗುವುದಿಲ್ಲ. ಅವರು ಸೋಮಾರಿಗಳಾ? ಖಂಡಿತ ಅಲ್ಲ. ತೊಡೆಯ ಸ್ನಾಯು ಸೋತಿದೆ, ಅದರ ಭಾರವೆಲ್ಲ ಮಂಡಿಯ ಮೇಲೆ ಬಿದ್ದಿದೆ. ಮೂವತ್ತು ದಾಟಿದ ಮೇಲೆ ನಮ್ಮೆಲ್ಲರ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಅದನ್ನು ತಡೆಯುವುದಕ್ಕೆ ಬಲದ ವ್ಯಾಯಾಮವೇ ಮುಖ್ಯ. ಅದಕ್ಕೆ ಜಿಮ್ ಬೇಕಿಲ್ಲ. ಬಸ್ಕಿ ಹೊಡೆಯುವುದು ನಮಗೇನು ಹೊಸದಾ? ನಮ್ಮೂರಿನ ಗರಡಿ ಮನೆಗಳಲ್ಲಿ ಅದೇ ತಾನೇ ಮಾಡಿಸುತ್ತಿದ್ದದ್ದು? ದಸರಾ ಕುಸ್ತಿ ನೋಡಿ ಬೆಳೆದ ಊರು ಇದು. ಆದರೆ ಗರಡಿ ಗಂಡು ಮಕ್ಕಳಿಗೆ ಅಂತ ಆಗಿಹೋಯಿತು, ಬಸ್ಕಿ ಹೆಣ್ಣು ಮಕ್ಕಳ ಪಾಲಿಗೆ ಸ್ಕೂಲಿನಲ್ಲಿ ಕೊಡುವ ಶಿಕ್ಷೆಯಾಗಿ ಮಾತ್ರ ಉಳಿಯಿತು.

ಕುರ್ಚಿ ಮುಂದೆ ನಿಂತು, ಕೂರುವ ಹಾಗೆ ಬಗ್ಗಿ, ಸೀಟು ತಾಗಿದ ತಕ್ಷಣ ಏಳಿ. ಹತ್ತು ಸಲ. ಇದು ಅರ್ಧ ಬಸ್ಕಿ. ಅಡುಗೆ ಕಟ್ಟೆಗೆ ಎರಡೂ ಕೈ ಊರಿ, ಕಾಲು ಹಿಂದಕ್ಕೆ ಇಟ್ಟು, ಎದೆಯನ್ನು ಕಟ್ಟೆಯ ಕಡೆ ತಂದು ಹಿಂದಕ್ಕೆ ತಳ್ಳಿ. ಇದು ಗರಡಿಯ ದಂಡದ, ಅಂದರೆ ಪುಶ್‌ಅಪ್‌ನ, ಸುಲಭ ರೂಪ. ಕುಕ್ಕರ್ ಮೂರು ಕೂಗು ಕೂಗುವುದರೊಳಗೆ ಎರಡೂ ಮುಗಿಯುತ್ತವೆ.

ಹೀಗೆ ಹೇಳಿದಾಗ ಒಬ್ಬರು ನನ್ನನ್ನು ಸರಿಯಾಗಿ ಹಿಡಿದುಕೊಂಡರು. "ಅಲ್ಲಾ ಮೇಡಂ, ವ್ಯಾಯಾಮನೂ ಅಡುಗೆ ಮನೇಲೇ ಮಾಡಬೇಕಾ? ಹೊರಗೆ ಹೋಗೋದು ಅವರಿಗೆ ಮಾತ್ರನಾ?" ಅವರ ಮಾತು ಸರಿ. ಅದಕ್ಕೇ ಮೊದಲ ವಿಷಯಕ್ಕೆ ವಾಪಸ್ ಬರುತ್ತೇನೆ.

ಕೇಂದ್ರ ಸರ್ಕಾರ ಸಮಯದ ಬಳಕೆಯ ಸಮೀಕ್ಷೆ ಅಂತ ಮಾಡುತ್ತದೆ. ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅಂತ ಮನೆ ಮನೆಗೆ ಹೋಗಿ ಕೇಳುತ್ತಾರೆ. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆ ಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ತೊಡಗುವ ಗಂಡಸರು 88 ನಿಮಿಷ. ನೆನಪಿಡಿ, ಇದು ಮನೆ ಕೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ. ಕೈ ಹಾಕದವರು ಇದರಲ್ಲಿ ಇಲ್ಲವೇ ಇಲ್ಲ, ಅವರ ಸಂಖ್ಯೆಯೇ ಜಾಸ್ತಿ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯವರೂ ಸೇರಿ ಮಾಡಿದ ಒಂದು ಅಂದಾಜು 2024ರಲ್ಲಿ ಬಂತು. ಭಾರತದಲ್ಲಿ ಅರ್ಧದಷ್ಟು ದೊಡ್ಡವರು ಬೇಕಾದಷ್ಟು ಮೈ ಆಡಿಸುತ್ತಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಜಾಸ್ತಿ ದುಡಿಯುವವರೇ ಜಾಸ್ತಿ ಹಿಂದೆ. ಎರಡೂ ಅಂಕಿ ಒಟ್ಟಿಗೆ ನೋಡಿದರೆ ನನಗಂತೂ ಆಶ್ಚರ್ಯ ಆಗುವುದಿಲ್ಲ.

ಬೆಳಿಗ್ಗೆ ಆರರಿಂದ ಎಂಟೂವರೆ ನಮ್ಮ ಮನೆಗಳಲ್ಲಿ ಹೇಗಿರುತ್ತೆ ಹೇಳಿ. ಹಾಲು ಕಾಯಿಸಬೇಕು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡಬೇಕು. ಮಕ್ಕಳನ್ನು ಎಬ್ಬಿಸಬೇಕು, ಒಂದು ಸಲಕ್ಕೆ ಏಳುವುದಿಲ್ಲ. ತಿಂಡಿ ಒಂದು, ಡಬ್ಬಿಗೆ ಇನ್ನೊಂದು. ಅತ್ತೆ ಮಾವನಿಗೆ ಮಾತ್ರೆಗೆ ಮುಂಚೆ ಏನಾದರೂ ಕೊಡಬೇಕು. ಅಷ್ಟರಲ್ಲಿ ಸ್ಕೂಲ್ ವ್ಯಾನಿನ ಹಾರ್ನ್. ಈ ಗಲಾಟೆಯ ನಡುವೆ ಯಜಮಾನರು ಕುಕ್ಕರಹಳ್ಳಿ ಕೆರೆ ಸುತ್ತಿ, ಸ್ನೇಹಿತರ ಜೊತೆ ರಾಜಕೀಯ ಮಾತಾಡಿ, ಹೋಟೆಲಿನಲ್ಲಿ ಬೈಟು ಕಾಫಿ ಕುಡಿದು ಎಂಟಕ್ಕೆ ಬರುತ್ತಾರೆ. "ಆರೋಗ್ಯ ಮುಖ್ಯ ಕಣೇ, ನೀನೂ ವಾಕಿಂಗ್ ಶುರು ಮಾಡು" ಅನ್ನುತ್ತಾರೆ. ನಗಬೇಡಿ, ಮುಂದಿನ ಸಾಲಿನಲ್ಲಿ ಇಬ್ಬರು ತಲೆ ತಗ್ಗಿಸಿದ್ದು ಕಾಣಿಸಿತು. ಅವರು ವಾಕಿಂಗ್ ಹೋಗುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ವಾಕಿಂಗ್ ಮನೆಯಲ್ಲಿ ಇನ್ನೊಬ್ಬರು ನಿಂತದ್ದರಿಂದ ಆಗಿದೆ ಅಷ್ಟೇ. ಅದು ವಾರಕ್ಕೆ ಮೂರು ದಿನವಾದರೂ ತಿರುವುಮುರುವು ಆಗಬೇಕು.

ನನಗೆ ಗೊತ್ತಿರುವ ಒಂದು ಮನೆ ಇದೆ. ಆಕೆ ಬ್ಯಾಂಕಿನಲ್ಲಿದ್ದಾರೆ, ಅವರ ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಆಕೆಗೆ ಸೊಂಟ ನೋವು ಬಂದಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದೆ. ಕೊನೆಗೆ ಅವರೇ ಒಂದು ವ್ಯವಸ್ಥೆ ಮಾಡಿಕೊಂಡರು. ಸೋಮ, ಬುಧ, ಶುಕ್ರ ಆಕೆಯ ದಿನ. ಮಂಗಳ, ಗುರು, ಶನಿ ಅವರದು. ಶಿಫ್ಟ್ ಬದಲಾದ ವಾರ ಆಕೆಗೆ ಬೆಳಿಗ್ಗೆಯ ಬದಲು ಸಂಜೆ. ಆಕೆಯ ದಿನದಲ್ಲಿ ತಿಂಡಿ ಅವರ ಜವಾಬ್ದಾರಿ. ಏನು ಮಾಡುತ್ತಾರೋ ಅದೇ ತಿಂಡಿ, ಯಾರೂ ಹೆಸರಿಡುವ ಹಾಗಿಲ್ಲ. ಮೊದಲ ದಿನಗಳಲ್ಲಿ ಬರೀ ಅವಲಕ್ಕಿ. ಆಮೇಲೆ ದೋಸೆ ಹುಯ್ಯಲು ಕಲಿತರು. ಹಿಟ್ಟು ಹಿಂದಿನ ದಿನವೇ ರುಬ್ಬಿಟ್ಟಿರುತ್ತೆ, ಕಾವಲಿ ಕಾದಿದೆಯಾ ಅಂತ ನೋಡಲು ಬಂದರೆ ಸಾಕು.

ಇದರಲ್ಲಿ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ಆಕೆ ಹೊರಗಿರುವ ಮುಕ್ಕಾಲು ಗಂಟೆ ಫೋನ್ ಮಾಡುವ ಹಾಗಿಲ್ಲ. ಜೀರಿಗೆ ಡಬ್ಬ ಎಲ್ಲಿದೆ, ಚಿಕ್ಕವನ ಸಾಕ್ಸ್ ಎಲ್ಲಿದೆ, ಏನೂ ಕೇಳುವ ಹಾಗಿಲ್ಲ. ಕಾಲು ಪಾರ್ಕಿನಲ್ಲಿ, ತಲೆ ಅಡುಗೆ ಮನೆಯಲ್ಲಿ ಇದ್ದರೆ ಅದು ಬಿಡುವಲ್ಲ. ಹುಡುಕಿದರೆ ಜೀರಿಗೆ ಸಿಗುತ್ತದೆ, ಸಿಗದಿದ್ದರೆ ಅವತ್ತು ಜೀರಿಗೆ ಇಲ್ಲದ ಒಗ್ಗರಣೆ.

ಅತ್ತೆಯವರು ಮೊದಲು ಮುಖ ಸಣ್ಣ ಮಾಡಿಕೊಂಡರಂತೆ. ಮಗ ಒಲೆ ಮುಂದೆ ನಿಲ್ಲುವುದನ್ನು ನೋಡಲು ಅವರಿಗೆ ಕಷ್ಟ. ಇದನ್ನು ನಾವು ಒಪ್ಪಿಕೊಂಡು ಮಾತಾಡಬೇಕು, ಹಿರಿಯರನ್ನು ವಿಲನ್ ಮಾಡಬಾರದು. ಡಾಕ್ಟರ್ ಬರೆದುಕೊಟ್ಟಿದ್ದಾರೆ ಅಂದರೆ ನಮ್ಮ ಮನೆಗಳಲ್ಲಿ ಎಲ್ಲವೂ ನಡೆಯುತ್ತದೆ. ಅದಕ್ಕೇ ನಾನು ಚೀಟಿಯಲ್ಲಿ ಬರೆದೇ ಕೊಡುತ್ತೇನೆ: ದಿನಕ್ಕೆ ಮೂವತ್ತು ನಿಮಿಷ ನಡಿಗೆ, ಮನೆಯಿಂದ ಹೊರಗೆ. ಮಾತ್ರೆಯ ಕೆಳಗೆ ಬರೆದ ಸಾಲಿಗೆ ಅತ್ತೆಯೂ ಎದುರು ಮಾತಾಡುವುದಿಲ್ಲ.

ಹೊರಗೆ ಅಂದ ಮೇಲೆ ಹೊರಗಿನ ಸ್ಥಿತಿಯನ್ನೂ ಹೇಳಬೇಕಲ್ಲ. ಫುಟ್‌ಪಾತ್ ಇಲ್ಲ, ಇದ್ದ ಕಡೆ ಸ್ಕೂಟರ್ ನಿಂತಿರುತ್ತೆ. ಬೀದಿ ದೀಪ ಇಲ್ಲ. ನಾಯಿ ಗುಂಪು. ಬೆಳಿಗ್ಗೆ ಐದೂವರೆಗೆ ಒಬ್ಬ ಹೆಂಗಸು ಒಂಟಿಯಾಗಿ ಕತ್ತಲಲ್ಲಿ ನಡೆಯಬೇಕು ಅನ್ನುವುದು ಸುಲಭದ ಸಲಹೆ ಅಲ್ಲ. ಪಾರ್ಕಿನ ಹೊತ್ತಿನ ವಿಷಯ ನೋಡಿ. ಬೆಂಗಳೂರಿನಲ್ಲಿ ಬಡಾವಣೆ ಪಾರ್ಕುಗಳಿಗೆ ಬೆಳಿಗ್ಗೆ ಹೊತ್ತೇರಿದರೆ ಬೀಗ, ಮಧ್ಯಾಹ್ನದ ಮೇಲೆ ಮತ್ತೆ ತೆಗೆಯುವುದು ಅಂತಿತ್ತು. ಅಂದರೆ ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಹತ್ತು ಗಂಟೆಗೆ ಗೃಹಿಣಿಗೆ ಮೊದಲ ಸಲ ಕೈ ಬಿಡುವಾಗುವ ಹೊತ್ತಿಗೆ ಸರಿಯಾಗಿ ಗೇಟು ಬಂದ್! 2024ರಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಬೇಕು ಅಂತ ಅಲ್ಲಿ ತೀರ್ಮಾನವಾಯಿತು. ಒಳ್ಳೆಯ ಕೆಲಸ. ನಿಮ್ಮ ಬಡಾವಣೆಯ ಪಾರ್ಕಿನ ಬೀಗ ಯಾರ ಹತ್ತಿರ ಇದೆ, ಯಾವಾಗ ತೆಗೆಯುತ್ತಾರೆ, ಸಂಜೆ ದೀಪ ಹಾಕುತ್ತಾರಾ ಅಂತ ಈ ಸಂಘದವರು ವಿಚಾರಿಸಿ. ನನ್ನ ಭಾಷಣಕ್ಕಿಂತ ಅದರಿಂದ ಉಪಯೋಗ ಜಾಸ್ತಿ.

ಚಾಮುಂಡಿ ಬೆಟ್ಟದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಮೈಸೂರಿನವರಲ್ಲವಾ. ಸಾವಿರ ಮೆಟ್ಟಿಲು ಹತ್ತುವುದು ಅದ್ಭುತ ವ್ಯಾಯಾಮ. ಆದರೆ ವಾರವಿಡೀ ಕೂತು, ಭಾನುವಾರ ಒಂದೇ ದಿನ ಹೋಗಿ ಹತ್ತಿ ಇಳಿದರೆ ಸೋಮವಾರ ನನ್ನ ಹತ್ತಿರ ಬರುತ್ತೀರಿ. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಮಂಡಿ ಚಿಪ್ಪಿನ ಮೇಲೆ ಒತ್ತಡ ಜಾಸ್ತಿ ಬೀಳುವುದು ಇಳಿಯುವಾಗ. ನೋವಿರುವವರು ಹತ್ತಿಕೊಂಡು ಹೋಗಿ, ದೇವಿಗೆ ಕೈ ಮುಗಿದು, ಬಸ್ಸಿನಲ್ಲಿ ಇಳಿದು ಬನ್ನಿ. ಹರಕೆಗೇನೂ ಕುಂದು ಬರುವುದಿಲ್ಲ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಒಂದು ವಿಷಯ. ಸಂಜೆ ಸ್ವಿಮ್ಮಿಂಗ್ ಕ್ಲಾಸು, ಕರಾಟೆ ಕ್ಲಾಸು, ಭರತನಾಟ್ಯ ಅಂತ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ಒಳಗೆ ಮಗು ಬೆವರುತ್ತಿರುತ್ತದೆ. ಹೊರಗೆ ಅಪ್ಪ ಅಮ್ಮ ಸ್ಕೂಟರಿನ ಮೇಲೆ, ಕಾರಿನೊಳಗೆ ಒಂದು ಗಂಟೆ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಟೈಮ್ ಸಿಗಲ್ಲ ಅನ್ನುವವರ ವಾರದ ಎರಡು ಮೂರು ಗಂಟೆ ಅಲ್ಲೇ ಇದೆ. ಅಲ್ಲೇ ಆ ರಸ್ತೆಯಲ್ಲಿ ಹೋಗಿ ಬಂದು ಮಾಡಿ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಬೇಕು, ನಮಗಿಂತ ಜಾಸ್ತಿ. ಸ್ಕೂಲಿನಲ್ಲಿ ಪಿಟಿ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಂಡರೆ ಪೋಷಕರ ಸಭೆಯಲ್ಲಿ ಕೇಳಿ. ಮಾರ್ಕ್ಸ್ ಕಡಿಮೆಯಾದರೆ ಕೇಳುತ್ತೀರಲ್ಲ, ಇದನ್ನೂ ಕೇಳಿ.

ಬಾಣಂತಿಯರ ಬಗ್ಗೆ ಮುಂದಿನ ಬೆಂಚಿನ ಅಮ್ಮ ಆಗಲೇ ಕೇಳಿದರು. ಬಾಣಂತನದಲ್ಲಿ ವಿಶ್ರಾಂತಿ, ಒಳ್ಳೆಯ ಊಟ ಬೇಕೇ ಬೇಕು. ಆದರೆ ವಿಶ್ರಾಂತಿ ಅಂದರೆ ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು ಅಂತಲ್ಲ. ತೊಂದರೆಯಿಲ್ಲದ ಹೆರಿಗೆಯಾಗಿದ್ದರೆ ಮನೆಯೊಳಗೆ ಮೆಲ್ಲಗೆ ಓಡಾಡುವುದು ಒಳ್ಳೆಯದೇ. ಸಿಸೇರಿಯನ್ ಆಗಿದ್ದರೆ ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿಕೊಂಡು ಮುಂದುವರಿಯಿರಿ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುತ್ತದೆ ಅಂತ ಎಷ್ಟೋ ಜನ ಹೇಳಿಕೊಳ್ಳುವುದೇ ಇಲ್ಲ. ಅದಕ್ಕೆ ವ್ಯಾಯಾಮ ಇದೆ, ಬಹಳ ಜನರಿಗೆ ವಾಸಿಯೂ ಆಗುತ್ತದೆ. ನಾಚಿಕೆ ಬಿಟ್ಟು ಕೇಳಿ.

ರಾತ್ರಿಯ ಹೊತ್ತು ನಾವು ಬಳಸಿಕೊಳ್ಳುವುದೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು ಸುಮಾರು 10 ಕೋಟಿ, ಇನ್ನೇನು ಬರುವ ಅಂಚಿನಲ್ಲಿರುವವರು 13 ಕೋಟಿಗೂ ಜಾಸ್ತಿ. 2023ರಲ್ಲಿ ಬಂದ ವರದಿ ಅದು. ಊಟವಾದ ಮೇಲೆ ಸ್ವಲ್ಪ ನಡೆದರೂ ರಕ್ತದಲ್ಲಿ ಸಕ್ಕರೆ ಏರುವುದು ತಗ್ಗುತ್ತದೆ. ಆಗ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ನಮ್ಮಲ್ಲಿ ಊಟ ಒಂಬತ್ತೂವರೆಗೆ, ಅನ್ನ ಸಾರು ಗಟ್ಟಿಯಾಗಿ, ಆಮೇಲೆ ನೇರ ಹಾಸಿಗೆ. ಊಟ ಎಂಟಕ್ಕೆ ತನ್ನಿ. ಆಮೇಲೆ ಮನೆಯವರೆಲ್ಲ ಸೇರಿ ಬೀದಿಯ ಕೊನೆಯವರೆಗೆ ಹೋಗಿ ಬನ್ನಿ. ಒಂದು ಷರತ್ತು: ಪಾತ್ರೆ ತೊಳೆಯುವುದು ಎಲ್ಲರೂ ವಾಪಸ್ ಬಂದ ಮೇಲೆ, ಎಲ್ಲರೂ ಸೇರಿ. ಇಲ್ಲದಿದ್ದರೆ ಮನೆಯವರೆಲ್ಲ ವಾಕಿಂಗ್, ಒಬ್ಬರು ಮಾತ್ರ ಸಿಂಕಿನ ಮುಂದೆ ಅಂತ ಆಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಶುಗರ್ ತೀರಾ ಇಳಿಯದ ಹಾಗೆ ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಿರಿ.

ತಪ್ಪುವುದು ಇದ್ದೇ ಇದೆ. ಗೌರಿ ಗಣೇಶ ಬರುತ್ತೆ, ಮಕ್ಕಳ ಪರೀಕ್ಷೆ ಬರುತ್ತೆ, ಮಾವನವರು ಆಸ್ಪತ್ರೆ ಸೇರುತ್ತಾರೆ, ಹದಿನೈದು ದಿನ ಮಳೆ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದು ಅಧ್ಯಯನ ಮಾಡಿದ್ದರು, 2010ರ ಸುಮಾರಿಗೆ ಪ್ರಕಟವಾಯಿತು. ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಹಾಗಾಗಲು ಎಷ್ಟು ದಿನ ಬೇಕು ಅಂತ. ನಡುವಿನ ಲೆಕ್ಕ 66 ದಿನ. ಆದರೆ ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನದವರೆಗೆ ಬೇಕಾಗಬಹುದು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಅಷ್ಟೇನೂ ಹಾಳಾಗಲಿಲ್ಲ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜನವರಿಯಲ್ಲಿ ಜಿಮ್‌ಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ತಿಂಗಳ ಲೆಕ್ಕದಲ್ಲಿ ಕಟ್ಟಿ.

ಪ್ರಶ್ನೆಗಳಿಗೆ ಸ್ವಲ್ಪ ಹೊತ್ತಿದೆ ಅಂತ ಹೇಳಿದ್ದಾರೆ. ಯೋಗವೋ ವಾಕಿಂಗೋ ಅಂತ ಚೀಟಿ ಬಂದಿದೆ. ಎರಡೂ ಇರಲಿ. ಯೋಗಾಸನ ಮೈ ಬಾಗುವುದಕ್ಕೆ, ಮೈಯ ಸಮತೋಲ ಸರಿಯಿರುವುದಕ್ಕೆ, ಮನಸ್ಸಿಗೆ ಚೆನ್ನಾಗಿ ಆಗುತ್ತದೆ. ಉಸಿರು ಏರುವ ಕೆಲಸಕ್ಕೆ ನಡಿಗೆಯೋ, ಬಿರುಸಿನ ಸೂರ್ಯ ನಮಸ್ಕಾರವೋ ಜೊತೆಗಿರಬೇಕು.

ಎಪ್ಪತ್ತೆರಡು ವರ್ಷದ ಅಮ್ಮ ಒಬ್ಬರು "ಈ ವಯಸ್ಸಲ್ಲಿ ನಂಗ್ಯಾಕವ್ವಾ?" ಅಂತ ಕೇಳುತ್ತಿದ್ದಾರೆ. ನಿಮಗೇ ಮುಖ್ಯ ಅಮ್ಮಾ. ರಾತ್ರಿ ಬಚ್ಚಲಿಗೆ ಎದ್ದಾಗ ಬೀಳಬಾರದಲ್ಲ, ಅದಕ್ಕೆ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿಸಿಕೊಳ್ಳಿ. ಕೈ ಊರಿಯೇ ಐದು ಸಲ ಎದ್ದು ಕೂರಿ. ಕೆಲವು ವಾರ ಹೋದ ಮೇಲೆ ಒಂದೇ ಕೈ ಊರಿ ನೋಡಿ. ಅಡುಗೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಿ. ಮನೆಯಲ್ಲಿ ಯಾರಾದರೂ ಹತ್ತಿರ ಇರುವಾಗಲೇ ಮಾಡಿ.

ಕೊನೆಯದು, ಹಿಂದೆ ನಿಂತಿರುವ ಸರ್ ಅವರದು. "ಎಷ್ಟು ಸಲ ಹೇಳಿದ್ರೂ ನನ್ನ ಮನೆಯವರು ವಾಕಿಂಗ್‌ಗೆ ಬರಲ್ಲ, ಏನು ಮಾಡೋದು?" ಸರ್, ಇನ್ನು ಮೇಲೆ ಹೇಳಬೇಡಿ. ಇವತ್ತು ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ಬೆಳಿಗ್ಗೆ ಆರರಿಂದ ಎಂಟೂವರೆ ತನಕ ನಿಮ್ಮ ಮನೆಯಲ್ಲಿ ಏನೇನು ಕೆಲಸ ನಡೆಯುತ್ತೆ ಅಂತ ನೀವೇ ಬರೆಯಿರಿ, ಅವರನ್ನು ಕೇಳದೆ. ಆಮೇಲೆ ಅವರಿಗೆ ತೋರಿಸಿ, ಬಿಟ್ಟುಹೋದದ್ದನ್ನು ಅವರು ಸೇರಿಸಲಿ. ಅದರಲ್ಲಿ ಮೂರು ಕೆಲಸಕ್ಕೆ ನಿಮ್ಮ ಹೆಸರು ಬರೆಯಿರಿ, ಡಬ್ಬಿ ಕಟ್ಟುವುದು ಅದರಲ್ಲಿ ಒಂದಿರಲಿ. ತಿಂಗಳು ಬಿಟ್ಟು ಮತ್ತೆ ಕರೆದು ನೋಡಿ.